ಹಣೆಗೆ ಕಟ್ಟುವ ಅಗ್ಗದ ದೀಪ: ಮೂರು ಬಗೆ, ಯಾವುದು ಯಾರಿಗೆ?

ಸಿಂಕಿನ ಕೆಳಗೆ ಮಲಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಪೈಪಿನ ನಟ್ಟು ಬಿಗಿ ಮಾಡಿದವರಿಗೆ ಹೆಡ್‌ಲ್ಯಾಂಪ್ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ಎರಡೇ ನಿಮಿಷಕ್ಕೆ ದವಡೆ ನೋಯುತ್ತದೆ. ಜೊಲ್ಲು ಇಳಿಯುತ್ತದೆ. ಯಾರಾದರೂ "ಸ್ಪ್ಯಾನರ್ ಕೊಡ್ಲಾ?" ಅಂತ ಕೇಳಿದರೆ ಉತ್ತರ ಕೊಡಲೂ ಆಗುವುದಿಲ್ಲ. ಮೊಬೈಲನ್ನು ಗೋಡೆಗೆ ಒರಗಿಸಿಟ್ಟರೆ, ಎರಡೂ ಕೈ ಕೆಲಸದಲ್ಲಿರುವ ಹೊತ್ತು ನೋಡಿಕೊಂಡೇ ಅದು ಜಾರುತ್ತದೆ.

ನಾನೂ ಹೀಗೇ ಒಂದು ಎಲ್‌ಇಡಿ ಹೆಡ್‌ಲ್ಯಾಂಪ್ ತಗೊಳ್ಳೋಣ ಅಂತ ಹೊರಟವನು. ಕೊನೆಗೆ ಮನೆಯಲ್ಲಿ ಮೂರು ಸೇರಿಕೊಂಡವು. ಮೊದಲನೆಯದನ್ನು ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ನೋಡಿ ಕೊಂಡೆ, ಮೋಸಹೋದೆ. ಎರಡನೆಯದನ್ನು ಆ ತಪ್ಪು ತಿದ್ದಲು ಕೊಂಡೆ, ಅದರದ್ದು ಬೇರೆಯೇ ತಕರಾರು. ಮೂರನೆಯದು ಮೂರರಲ್ಲೂ ಅಗ್ಗ, ನೋಡೋಕೆ ಆಟದ ಸಾಮಾನಿನ ಹಾಗಿದೆ. ಈಗ ಜಾಸ್ತಿ ಕೈಗೆ ಬರುವುದು ಅದೇ. ಯಾಕೆ ಅಂತ ಕೇಳಿಕೊಂಡಾಗಲೇ ಗೊತ್ತಾಗಿದ್ದು, ದೀಪ ಎಷ್ಟು ಜೋರಾಗಿ ಉರಿಯುತ್ತದೆ ಅಂತ ನೋಡುವ ಮೊದಲು ಎಷ್ಟು ಮೆಲ್ಲಗೆ ಉರಿಯುತ್ತದೆ ಅಂತ ನೋಡಬೇಕಿತ್ತು.

ಅಂಗಡಿಯಲ್ಲಿ ಸಿಗುವ ಅಗ್ಗದವು ಹೆಚ್ಚುಕಮ್ಮಿ ಮೂರೇ ಜಾತಿ

ಒಂದು, ಪೆನ್ಸಿಲ್ ಸೆಲ್ಲಿನದು. ಟಿವಿ ರಿಮೋಟಿಗೆ ಹಾಕುವ ಸಣ್ಣ ಎಎಎ ಸೆಲ್ ಮೂರು ಹಿಡಿಯುತ್ತವೆ. ಎಲ್ಲವೂ ಹಣೆಯ ಮೇಲಿನ ಸಣ್ಣ ಡಬ್ಬಿಯಲ್ಲೇ. ಸೆಲ್ ಸೇರಿ ನೂರು ಗ್ರಾಂ ಒಳಗೇ ತೂಗುತ್ತದೆ.

ಎರಡು, ಒಳಗೇ ಬ್ಯಾಟರಿ ಇರುವ, ಯುಎಸ್‌ಬಿ ಕೇಬಲ್ಲಿನಿಂದ ಚಾರ್ಜ್ ಮಾಡುವ ಪಟ್ಟಿ ದೀಪ. ಹಣೆಯುದ್ದಕ್ಕೂ ಹಳದಿ ಬಣ್ಣದ ಒಂದು ಉದ್ದ ಪಟ್ಟಿ ಇರುತ್ತದೆ, ಅದಕ್ಕೆ ಸಿಒಬಿ ಅಂತಾರೆ. ನೂರಾರು ಚುಕ್ಕಿ ಎಲ್‌ಇಡಿಗಳನ್ನು ಒಂದೇ ಹಲಗೆಯ ಮೇಲೆ ಒತ್ತಾಗಿ ಕೂರಿಸಿ, ಮೇಲೆ ಒಂದೇ ಹೊದಿಕೆ ಹಚ್ಚಿರುತ್ತಾರೆ. ಉರಿಸಿದರೆ ಬಿಳಿ ಟ್ಯೂಬ್‌ಲೈಟಿನ ತುಂಡಿನ ಹಾಗೆ ಕಾಣುತ್ತದೆ.

ಮೂರು, ಜೂಮ್ ದೀಪ. ಮುಂದಿನ ಲೆನ್ಸನ್ನು ಹಿಂದೆ ಮುಂದೆ ಜರುಗಿಸಿದರೆ ಬೆಳಕು ಅಗಲವಾಗುತ್ತದೆ ಇಲ್ಲವೇ ಕಿರಿದಾಗುತ್ತದೆ. ತಲೆಯ ಹಿಂಭಾಗದಲ್ಲಿ ಒಂದು ಪೆಟ್ಟಿಗೆ, ಅದರೊಳಗೆ 18650 ಅನ್ನುವ ದಪ್ಪ ಸೆಲ್. ಆ ಅಂಕಿ ಸುಮ್ನೆ ಇಟ್ಟ ಹೆಸರಲ್ಲ. ಸೆಲ್ಲಿನ ಅಡ್ಡಗಲ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್, ಕೊನೆಯ ಸೊನ್ನೆ ಉರುಟು ಆಕಾರಕ್ಕೆ.

ನಾನು ಮೊದಲು ಕೊಂಡು ಮೋಸಹೋಗಿದ್ದು ಈ ಮೂರನೇ ಜಾತಿಯದ್ದು. ಆಮೇಲೆ ಕೊಂಡದ್ದು ಪಟ್ಟಿ ದೀಪ, ಕೊನೆಗೆ ಪೆನ್ಸಿಲ್ ಸೆಲ್ಲಿನದು.

ಲ್ಯೂಮೆನ್ ಲೆಕ್ಕದ ಬಣ್ಣ

ದೀಪದಿಂದ ಹೊರಬರುವ ಒಟ್ಟು ಬೆಳಕಿನ ಅಳತೆಗೆ ಲ್ಯೂಮೆನ್ ಅಂತ ಹೆಸರು. ಅಗ್ಗದ ಪೆಟ್ಟಿಗೆಗಳ ಮೇಲೆ 10,000, ಕೆಲವೊಮ್ಮೆ ಲಕ್ಷದ ಹತ್ತಿರದ ಅಂಕಿ ಕೂಡ ಇರುತ್ತದೆ. ಇದನ್ನು ನಂಬಬೇಕಾ ಅಂತ ನೋಡಲು ಕಾಗದ ಪೆನ್ನು ಸಾಕು.

ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್ ಕರೆಂಟು ತಿಂದು ಸುಮಾರು 100ರಿಂದ 150 ಲ್ಯೂಮೆನ್ ಬೆಳಕು ಕೊಡುತ್ತದೆ. ನೂರೇ ಅಂತ ಇಟ್ಟುಕೊಳ್ಳಿ. 10,000 ಲ್ಯೂಮೆನ್ ಬೇಕಾದರೆ 100 ವ್ಯಾಟ್ ಬೇಕು. ಒಳ್ಳೇ 18650 ಸೆಲ್ ಒಂದರಲ್ಲಿ ತುಂಬಿರುವುದು ಹೆಚ್ಚೆಂದರೆ 12–13 ವ್ಯಾಟ್‌ಅವರ್, ಒಂದು ವ್ಯಾಟಿನ ದೀಪವನ್ನು 12–13 ಗಂಟೆ ಉರಿಸುವಷ್ಟು. 100 ವ್ಯಾಟಿಗೆ ಅದು ನೂರು ಪಟ್ಟು ಬೇಗ ಮುಗಿಯುತ್ತದೆ. ಅಂದರೆ ಎಂಟು ನಿಮಿಷಕ್ಕೆ ಸೆಲ್ ಖಾಲಿ. ಅದಕ್ಕಿಂತ ಮೊದಲೇ ಇನ್ನೊಂದು ಆಗುತ್ತದೆ. ಸೋಲ್ಡರಿಂಗ್ ಐರನ್ನಿಗೇ 25ರಿಂದ 60 ವ್ಯಾಟ್ ಸಾಕು, ಸೀಸ ಕರಗುತ್ತದೆ. ಅದಕ್ಕಿಂತ ಜಾಸ್ತಿ ವ್ಯಾಟಿನ ವಸ್ತುವನ್ನು ಹಣೆಗೆ ಕಟ್ಟಿಕೊಂಡು ಓಡಾಡಲು ಆಗುತ್ತದಾ?

ನಿಜವಾಗಿ ಬೇಕಾಗುವುದು ಎಷ್ಟು? ಪುಸ್ತಕ ಓದಲು, ಕೈಯಳತೆಯ ದೂರದ ಕೆಲಸಕ್ಕೆ 5ರಿಂದ 30 ಲ್ಯೂಮೆನ್ ಧಾರಾಳ. ಗೊತ್ತಿರುವ ದಾರಿಯಲ್ಲಿ ನಡೆಯಲು 50ರಿಂದ 100. ಕಲ್ಲುಮುಳ್ಳಿನ ಇಳಿಜಾರಿನಲ್ಲಿ ಬೇಗ ಇಳಿಯಬೇಕು ಅಂದರೆ 200ಕ್ಕಿಂತ ಮೇಲೆ. ಅದಕ್ಕೂ ಜಾಸ್ತಿ ಇದ್ದರೆ ಬೇಡ ಅನ್ನಲ್ಲ, ಆದರೆ ಅದನ್ನು ಉರಿಸುವ ಹೊತ್ತು ಬಹಳ ಕಡಿಮೆ.

ಹಾಗಾಗಿ ಅಂಗಡಿಯಲ್ಲಿ ನಾನೀಗ ಕೇಳುವುದು ಕಡಿಮೆ ಬೆಳಕಿನ ಬಗ್ಗೆ. ನನ್ನ ಜೂಮ್ ದೀಪದ ಅತಿ ಮಂದ ಬೆಳಕೂ ಎಷ್ಟು ಜೋರು ಅಂದರೆ, ಅದರಲ್ಲಿ ಬಿಳಿ ಕಾಗದ ಓದಿದರೆ ಕಣ್ಣು ಕುಕ್ಕುತ್ತದೆ. ಮೀಟರ್ ಬೋರ್ಡಿನ ಒಳಗೆ ನೋಡಿದರೆ ಹೊಳೆಯುವ ತಾಮ್ರದಿಂದ ಬೆಳಕು ವಾಪಸ್ ಮುಖಕ್ಕೇ ಬಡಿಯುತ್ತದೆ. ಪೆನ್ಸಿಲ್ ಸೆಲ್ಲಿನ ದೀಪದ ಮಂದ ಬೆಳಕು ಮಾತ್ರ ನಿಜಕ್ಕೂ ಮಂದ. ರಾತ್ರಿ ಯಾರನ್ನೂ ಎಬ್ಬಿಸದೆ ಬೀರುವಿನಲ್ಲಿ ಬಟ್ಟೆ ಹುಡುಕಬಹುದು.

ಸ್ವಲ್ಪ ಮರ್ಯಾದಸ್ಥ ಪೆಟ್ಟಿಗೆಯ ಮೇಲೆ ಎಎನ್‌ಎಸ್‌ಐ ಎಫ್‌ಎಲ್1 ಅಂತ ಇರುತ್ತದೆ. ಟಾರ್ಚುಗಳನ್ನು ಅಳೆಯುವ ಒಂದು ಒಪ್ಪಿತ ಕ್ರಮ ಅದು. ಅದರಲ್ಲೂ ಎರಡು ಅಂಕಿಗಳನ್ನು ಬಿಡಿಸಿ ಓದಬೇಕು. ಬೆಳಕು 80 ಮೀಟರ್ ಹೋಗುತ್ತದೆ ಅಂದರೆ, ಆ ದೂರದಲ್ಲಿ ಅದು 0.25 ಲಕ್ಸ್‌ಗೆ ಇಳಿದಿರುತ್ತದೆ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್). ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳಿನಷ್ಟು. ಅಲ್ಲಿ ಏನೋ ಇದೆ ಅಂತ ಗೊತ್ತಾಗಬಹುದು, ಏನು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಆ ದೂರವನ್ನು ಅರ್ಧ ಮಾಡಿಕೊಂಡು ಓದುತ್ತೇನೆ. ಇನ್ನು ಉರಿಯುವ ಗಂಟೆ. ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಆ ಲೆಕ್ಕ ಓಡುತ್ತಲೇ ಇರುತ್ತದೆ. "100 ಲ್ಯೂಮೆನ್, 40 ಗಂಟೆ" ಅಂದರೆ ನಲವತ್ತನೇ ಗಂಟೆಯಲ್ಲೂ ನೂರು ಇರುತ್ತದೆ ಅಂತ ಅಲ್ಲ. ಆಗ ಉಳಿದಿರುವುದು ಹತ್ತೇ.

ಬೆಳಕಿನ ಆಕಾರ

ಮೂರೂ ದೀಪಗಳನ್ನು ಒಂದಾದ ಮೇಲೊಂದು ಕಟ್ಟಿಕೊಂಡು, ಕತ್ತಲೆ ಕೋಣೆಯಲ್ಲಿ ಬಿಳಿ ಗೋಡೆಯಿಂದ ಒಂದು ಮೀಟರ್ ದೂರ ನಿಂತರೆ ವ್ಯತ್ಯಾಸ ಎದುರಿಗೇ ಕಾಣುತ್ತದೆ. ಪಟ್ಟಿ ದೀಪ ಇಡೀ ಗೋಡೆಗೆ ಸುಣ್ಣ ಬಳಿದ ಹಾಗೆ ಸಮನಾಗಿ ಹರಡುತ್ತದೆ. ಪೆನ್ಸಿಲ್ ಸೆಲ್ಲಿನದರಲ್ಲಿ ಒಂದು ಪುಟ್ಟ ಬಟ್ಟಲು ಕನ್ನಡಿ ಇದೆ, ಹಾಗಾಗಿ ನಡುವೆ ಜೋರಾದ ಚುಕ್ಕಿ, ಸುತ್ತಲೂ ಮಸುಕಾದ ಪ್ರಭೆ. ಜೂಮ್ ದೀಪವನ್ನು ಪೂರ್ತಿ ಕಿರಿದು ಮಾಡಿದರೆ ಗೋಡೆಯ ಮೇಲೆ ಒಂದು ಚೌಕ ಮೂಡುತ್ತದೆ. ಅದು ಎಲ್‌ಇಡಿಯದೇ ಚಿತ್ರ. ಹತ್ತಿರ ಹೋಗಿ ನೋಡಿದರೆ ಅದರ ಮೇಲಿನ ಸಣ್ಣ ಗೆರೆಗಳು ಕೂಡ ಕಾಣುತ್ತವೆ. ಚೆಂದವಾಗಿದೆ. ಆದರೆ ಚೌಕದ ಆಚೆ ಕಗ್ಗತ್ತಲು.

ಆ ಚೌಕ ಹಿಡಿದುಕೊಂಡು ನಡೆದು ನೋಡಿ. ಇಪ್ಪತ್ತು ಮೀಟರ್ ಆಚೆಯ ಮರದ ಕಾಂಡ ಚೆನ್ನಾಗಿ ಕಾಣುತ್ತದೆ, ಕಾಲಿನ ಬುಡದ ಕಲ್ಲು ಕಾಣುವುದಿಲ್ಲ. ತಲೆ ಒಂಚೂರು ಅಲ್ಲಾಡಿದರೂ ಚೌಕ ಹತ್ತಡಿ ಹಾರುತ್ತದೆ. ಹತ್ತು ನಿಮಿಷ ಹೀಗೆ ನಡೆದರೆ ನನಗಂತೂ ತಲೆ ಸುತ್ತಿದ ಹಾಗೆ ಆಗುತ್ತದೆ. ಲೆನ್ಸನ್ನು ಅಗಲಕ್ಕೆ ಜರುಗಿಸಿದರೆ ನಡೆಯಬಹುದು, ಆದರೆ ಆಗ ದೂರದ ಬೆಳಕು ಹೋಯಿತು. ಜೂಮ್ ಅಂದರೆ ಎರಡೂ ಒಟ್ಟಿಗೆ ಸಿಗುತ್ತವೆ ಅಂದುಕೊಂಡಿದ್ದೆ. ಸಿಗುವುದು ಒಂದು ಸಲಕ್ಕೆ ಒಂದೇ. ನಡೆಯುವವರಿಗೆ ನಡುಚುಕ್ಕಿ, ಸುತ್ತಪ್ರಭೆ ಎರಡೂ ಇರುವ ಬಟ್ಟಲು ಕನ್ನಡಿಯದ್ದೇ ಸರಿ.

ಕೈಕೆಲಸಕ್ಕೆ ಮಾತ್ರ ಪಟ್ಟಿ ದೀಪವನ್ನು ಮೀರಿಸುವುದು ಇಲ್ಲ. ಸಿಂಕಿನ ಕೆಳಗೆ, ಕಾರಿನ ಬಾನೆಟ್ಟಿನೊಳಗೆ, ಅಟ್ಟದ ಮೂಲೆಯಲ್ಲಿ ಕತ್ತು ತಿರುಗಿಸದೆಯೇ ಪಕ್ಕದಲ್ಲಿಟ್ಟ ಸ್ಕ್ರೂ ಕೂಡ ಕಾಣುತ್ತದೆ. ಕನ್ನಡಕ ಹಾಕುವವರಿಗೆ ಒಂದು ಎಚ್ಚರಿಕೆ. ಪಟ್ಟಿಯ ಬೆಳಕು ಕೆಳಗೂ ಚೆಲ್ಲುತ್ತದೆ. ಮೂಗಿನ ತುದಿ ಬೆಳ್ಳಗೆ ಹೊಳೆಯುತ್ತದೆ, ಕನ್ನಡಕದ ಮೇಲಂಚು ಮಿನುಗುತ್ತದೆ, ಗಾಜಿನ ಮೇಲಿನ ಪ್ರತಿ ಬೆರಳಚ್ಚೂ ಎದ್ದು ಕಾಣುತ್ತದೆ. ದೀಪವನ್ನು ಕೂದಲಿನ ಗೆರೆಯ ತನಕ ಮೇಲಕ್ಕೆ ಏರಿಸಿದರೆ, ಇಲ್ಲವೇ ಮುಂದೆ ಅಂಚಿರುವ ಕ್ಯಾಪಿನ ಮೇಲೆ ಕಟ್ಟಿದರೆ ಬಹುಪಾಲು ಸರಿಹೋಗುತ್ತದೆ.

ಇನ್ನೊಂದು ತೊಂದರೆ ಮೂರಕ್ಕೂ ಇದೆ, ದುಬಾರಿ ದೀಪಕ್ಕೂ ಇದೆ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ನೆರಳು ನಿಮಗೆ ಕಾಣುವುದಿಲ್ಲ, ಅದು ವಸ್ತುವಿನ ಹಿಂದೆ ಅಡಗಿಕೊಳ್ಳುತ್ತದೆ. ನೆರಳಿಲ್ಲದಿದ್ದರೆ ಹಳ್ಳ ತಿಟ್ಟು ಎಲ್ಲಾ ಸಮತಟ್ಟು. ನಾನು ಹೀಗೇ ಒಂದು ಮೊಣಕಾಲುದ್ದದ ಗುಂಡಿಯನ್ನು ಒದ್ದೆ ನೆಲ ಅಂದುಕೊಂಡು ಹೆಜ್ಜೆ ಇಟ್ಟಿದ್ದೇನೆ. ದಾರಿ ಅನುಮಾನ ಬಂದ ಕಡೆ ದೀಪವನ್ನು ತಲೆಯಿಂದ ತೆಗೆದು ಸೊಂಟದ ಎತ್ತರದಲ್ಲಿ ಹಿಡಿಯಿರಿ. ನೆರಳು ತಕ್ಷಣ ಉದ್ದವಾಗಿ ಬೀಳುತ್ತದೆ, ಗುಂಡಿ ಗುಂಡಿಯಾಗಿಯೇ ಕಾಣುತ್ತದೆ. ಮಂಜು, ಹೊಗೆ, ದೂಳು ಇದ್ದಾಗಲೂ ಇದೇ ಉಪಾಯ. ಹಣೆಯಲ್ಲೇ ಇದ್ದರೆ ಕಣ್ಣ ಮುಂದೆ ಬಿಳಿ ಪರದೆ ಬಿಟ್ಟ ಹಾಗೆ ಆಗುತ್ತದೆ.

ಸೆಲ್ ಯಾವುದು ಅನ್ನುವುದರಲ್ಲೇ ಅರ್ಧ ನಿರ್ಧಾರ

ಪೆನ್ಸಿಲ್ ಸೆಲ್ಲಿನ ದೀಪದ ದೊಡ್ಡ ಗುಣ ಅಂದರೆ, ಖಾಲಿಯಾದರೆ ಅರ್ಧ ನಿಮಿಷದಲ್ಲಿ ಹೊಸದು ಹಾಕಿ ಮುಂದೆ ಹೋಗಬಹುದು. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ದೀಪ ಬೇಕಾಗುವವರಿಗೆ ಇದೇ ಸರಿ. ಅಗ್ಗದವುಗಳಲ್ಲಿ ಕರೆಂಟನ್ನು ಒಂದೇ ಸಮ ಇಡುವ ಸರ್ಕ್ಯೂಟ್ ಇರುವುದು ಅಪರೂಪ. ಸೆಲ್ ಇಳಿದ ಹಾಗೆ ಬೆಳಕೂ ಇಳಿಯುತ್ತಾ ಹೋಗುತ್ತದೆ. ಇದು ಕೊರತೆಯೇ, ಆದರೆ ಒಂದು ರೀತಿಯಲ್ಲಿ ಒಳ್ಳೆಯದೂ ಹೌದು. ನಡುದಾರಿಯಲ್ಲಿ ಫಕ್ಕನೆ ಆರಿಹೋಗುವುದಿಲ್ಲ, ಮಂಕಾಗುತ್ತಾ ಮೊದಲೇ ಸೂಚನೆ ಕೊಡುತ್ತದೆ.

ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳನ್ನೂ ಹಾಕಬಹುದು. ಒಂದೊಂದರದ್ದು 1.5ರ ಬದಲು 1.2 ವೋಲ್ಟ್, ಹಾಗಾಗಿ ಶುರುವಿನಲ್ಲಿ ಬೆಳಕು ತುಸು ಕಡಿಮೆ, ಆದರೆ ಆಮೇಲೆ ಜಾಸ್ತಿ ಹೊತ್ತು ಅಷ್ಟೇ ಇರುತ್ತದೆ. ಹಳೆಯ ಸೆಲ್ ಒಂದು, ಹೊಸದು ಎರಡು ಅಂತ ಬೆರೆಸಬೇಡಿ. ಮೊದಲು ಖಾಲಿಯಾದದ್ದನ್ನು ಉಳಿದೆರಡು ಹಿಂಡುತ್ತವೆ, ಅದು ಸೋರುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಆಲ್ಕಲೈನ್ ಸೆಲ್ ಸೋರಿದ ಗುರುತು. ಕ್ಷಾರ ಅದು, ಬರಿಗೈಯಲ್ಲಿ ಮುಟ್ಟಬೇಡಿ. ಕಿವಿ ಕಡ್ಡಿಯ ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ ಒಣಗಿಸಿದರೆ ಬಹಳ ಸಲ ದೀಪ ಬದುಕುತ್ತದೆ.

ಒಳಗೇ ಬ್ಯಾಟರಿ ಇರುವ ಪಟ್ಟಿ ದೀಪ ದಿನಾ ಬಳಸುವವರಿಗೆ ಅನುಕೂಲ, ಮೊಬೈಲಿನ ಜೊತೆ ಚಾರ್ಜಿಗೆ ಹಾಕಿದರಾಯಿತು. ಆದರೆ ಖಾಲಿಯಾದರೆ ಕಾಯಲೇಬೇಕು. ಬ್ಯಾಟರಿಯ ಆಯಸ್ಸು ಮುಗಿದರೆ ದೀಪದ ಆಯಸ್ಸೂ ಮುಗಿದ ಹಾಗೆ. ಬಿಚ್ಚಿ ಬದಲಾಯಿಸಲು ಸೋಲ್ಡರಿಂಗ್ ಗೊತ್ತಿರಬೇಕು.

ಇದರಲ್ಲೇ ನನಗೆ ತಲೆ ಕೆಡಿಸಿದ್ದು ಚಾರ್ಜಿಂಗ್ ತೂತು. ಟೈಪ್ ಸಿ ಅಂತ ಖುಷಿಯಾಗಿ ಕೊಂಡೆ. ಎರಡೂ ತುದಿ ಸಿ ಇರುವ ಹೊಸ ಕೇಬಲ್ಲಿಗೆ ಹಾಕಿದರೆ ಚಾರ್ಜೇ ಆಗಲಿಲ್ಲ. ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವವನಿದ್ದೆ. ಸುಮ್ನೆ ಒಂದು ಸಲ, ಇನ್ನೊಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ಲಿಗೆ ಹಾಕಿ ನೋಡಿದರೆ ಕೆಂಪು ದೀಪ ಹತ್ತಿತು! ಕಾರಣ ಇಷ್ಟೇ. ಎರಡೂ ಕಡೆ ಸಿ ಇರುವ ಕೇಬಲ್ಲಿನಲ್ಲಿ, ಆಚೆ ಒಂದು ಉಪಕರಣ ಇದೆ ಅಂತ ಚಾರ್ಜರಿಗೆ ತಿಳಿಸಲು ದೀಪದೊಳಗೆ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಅಗ್ಗದ ಸಾಮಾನು ಮಾಡುವವರು ಅದನ್ನೇ ಉಳಿಸುತ್ತಾರೆ. ಹಳೆಯ ಅಗಲ ತುದಿಯ ಚಾರ್ಜರ್ ಹಾಗೆಲ್ಲ ಕೇಳುವುದಿಲ್ಲ, ನೇರವಾಗಿ 5 ವೋಲ್ಟ್ ಕೊಟ್ಟುಬಿಡುತ್ತದೆ.

18650 ಸೆಲ್ ಶಕ್ತಿಯಲ್ಲಿ ಎಲ್ಲಕ್ಕಿಂತ ಮೇಲು, ಬದಲಾಯಿಸಲೂಬಹುದು. ತೂಕ ಒಂದಕ್ಕೆ 45 ಗ್ರಾಂ ಮೇಲೆ. ಆದರೆ ನಕಲಿ ಕಾಟ ಜಾಸ್ತಿ ಇರುವುದೂ ಇಲ್ಲೇ. ಈ ಅಳತೆಯ ಒಳ್ಳೆಯ ಸೆಲ್ಲಿನ ಸಾಮರ್ಥ್ಯ 3,500 ಎಂಎಎಚ್ ಆಸುಪಾಸು. 9,900 ಅಂತ ಬರೆದಿದ್ದರೆ ಅದು ಸುಳ್ಳು. ಸುಳ್ಳು ಬರೆದವರು ಒಳಗೆ ಏನು ತುಂಬಿದ್ದಾರೋ ಯಾರಿಗೆ ಗೊತ್ತು? ನಾನು ದೀಪದ ಜೊತೆ ಬಂದ ಸೆಲ್ಲನ್ನು ಪಕ್ಕಕ್ಕಿಟ್ಟು, ಹೆಸರಿರುವ ಕಂಪನಿಯದ್ದು ಹಾಕಿಕೊಂಡೆ. ಕೊಳ್ಳುವಾಗ ಉದ್ದ ನೋಡಿ. ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್ ಕೆಲವು ಮಿಲಿಮೀಟರ್ ಉದ್ದ ಇರುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಕೂರುವುದಿಲ್ಲ. ಬಿಡಿ ಸೆಲ್ಲನ್ನು ಬೀಗದ ಕೈ, ನಾಣ್ಯಗಳ ಜೊತೆ ಜೇಬಿನಲ್ಲಿ ಹಾಕಿಕೊಂಡು ಓಡಾಡಬೇಡಿ. ಎರಡು ತುದಿಗೆ ಲೋಹ ತಾಗಿದರೆ ಬೆಂಕಿಯೇ. ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಸೆಲ್ ಕೈಚೀಲದಲ್ಲಿರಬೇಕು, ಒಳಗೆ ಕಳಿಸುವ ಸಾಮಾನಿನಲ್ಲಿ ಅಲ್ಲ.

ಗುಂಡಿ, ಕೆಂಪು ದೀಪ, ಮಿಣುಕು

ಒಂದೇ ಗುಂಡಿ, ಐದು ಬಗೆ ಬೆಳಕು. ಜೋರು, ಮಧ್ಯಮ, ಮಂದ, ಪಟಪಟ ಮಿನುಗುವುದು, ಅಪಾಯದ ಸಂಕೇತ. ಆರಿಸಬೇಕಾದರೆ ಎಲ್ಲವನ್ನೂ ದಾಟಿಕೊಂಡೇ ಹೋಗಬೇಕು. ಮಲಗುವ ಮುಂಚೆ ಮಂದ ದೀಪ ಆರಿಸಲು ಹೋಗಿ ಇಡೀ ಕೋಣೆಗೆ ಮಿಂಚು ಹೊಡೆಸಿದ್ದೇನೆ. ಐದು ಸೆಕೆಂಡ್ ಉರಿದ ಮೇಲೆ ಒಂದೇ ಒತ್ತಿಗೆ ಆರುವ ದೀಪ ಸಿಕ್ಕರೆ ಬಿಡಬೇಡಿ.

ಕೈ ಬೀಸಿದರೆ ಹತ್ತುವ ಸೆನ್ಸರ್ ಪಟ್ಟಿ ದೀಪಗಳಲ್ಲಿ ಸಾಮಾನ್ಯ. ಕೈಗೆ ಗ್ರೀಸ್ ಮೆತ್ತಿದಾಗ ಉಪಯೋಗ. ಆದರೆ ಬೆವರು ಒರೆಸಿಕೊಂಡರೂ ಆರುತ್ತದೆ, ಪೈಪಿನ ಹತ್ತಿರ ಮುಖ ತಂದರೂ ಆರುತ್ತದೆ. ಅದನ್ನು ಬಂದ್ ಮಾಡುವ ಗುಂಡಿ ಬೇರೆ ಇರಲೇಬೇಕು.

ಕೆಂಪು ದೀಪ ಚಂದಕ್ಕೆ ಇಟ್ಟದ್ದಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಬಿಳಿ ಬೆಳಕು ಒಂದು ಸಲ ಬಿದ್ದರೆ ಅಷ್ಟೂ ಹೋಯಿತು. ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕಡುಗೆಂಪು ಅಷ್ಟಾಗಿ ತಾಗುವುದಿಲ್ಲ. ನಕ್ಷತ್ರ ನೋಡುವವರಿಗೆ ಇದು ಬೇಕೇ ಬೇಕು. ನನ್ನ ಜೂಮ್ ದೀಪದಲ್ಲಿ ಕೆಂಪು ಇದೆ, ಆದರೆ ಬಿಳಿ ಜೋರನ್ನು ದಾಟಿಯೇ ಅಲ್ಲಿಗೆ ಹೋಗಬೇಕು. ಅಲ್ಲಿಗೆ ಮುಗಿಯಿತಲ್ವಾ! ಪೆನ್ಸಿಲ್ ಸೆಲ್ಲಿನದರಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ನೇರವಾಗಿ ಕೆಂಪು.

ಕೆಲವು ಅಗ್ಗದ ದೀಪಗಳು ಬೆಳಕನ್ನು ಮಂದ ಮಾಡಲು ಎಲ್‌ಇಡಿಯನ್ನು ಬೇಗ ಬೇಗ ಹತ್ತಿಸಿ ಆರಿಸುತ್ತವೆ. ಕಣ್ಣಿಗೆ ನೇರವಾಗಿ ಗೊತ್ತಾಗಲ್ಲ, ಆದರೆ ಕೆಲವರಿಗೆ ತಲೆನೋವು ಬರುತ್ತದೆ. ಇದನ್ನು ಕಂಡುಹಿಡಿಯಲು ನಲ್ಲಿಯನ್ನು ಸಣ್ಣಗೆ ಬಿಟ್ಟು, ಮಂದ ಬೆಳಕಿನಲ್ಲಿ ನೀರಿನ ಧಾರೆ ನೋಡಿ. ಧಾರೆ ಧಾರೆಯಾಗಿಯೇ ಕಂಡರೆ ಸರಿ. ಮಣಿ ಪೋಣಿಸಿದ ಹಾಗೆ ಹನಿ ಹನಿಯಾಗಿ ನಿಂತಂತೆ ಕಂಡರೆ ಆ ದೀಪ ಮಿಣುಕುತ್ತಿದೆ. ನನ್ನ ಪಟ್ಟಿ ದೀಪದಲ್ಲಿ ಮಣಿಗಳು ಎಷ್ಟು ಚೆನ್ನಾಗಿ ಕಂಡವು ಅಂದರೆ, ಐದು ನಿಮಿಷ ಸುಮ್ನೆ ನೋಡುತ್ತಾ ನಿಂತಿದ್ದೆ.

ದೀಪ ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಪೆಟ್ಟಿಗೆಯ ಮೇಲೆ ಐಪಿಎಕ್ಸ್ ಅಂತ ಒಂದು ಗುರುತು ಇರುತ್ತದೆ. ಮಳೆಗೆ ಐಪಿಎಕ್ಸ್4 ಸಾಕು, ಎಲ್ಲ ಕಡೆಯಿಂದ ಚಿಮ್ಮುವ ನೀರು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರದಿದ್ದರೆ ಎರಡಕ್ಕೂ ಅರ್ಥವಿಲ್ಲ.

ಯಾರಿಗೆ ಯಾವುದು

ರಿಪೇರಿ ಕೆಲಸ ಜಾಸ್ತಿ ಮಾಡುವವರು ಪಟ್ಟಿ ದೀಪ ತಗೊಳ್ಳಿ. ಸೆನ್ಸರ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹೊಲ, ತೋಟ, ಬಯಲಿನಲ್ಲಿ ದೂರದ್ದನ್ನು ಹುಡುಕಬೇಕಾದವರಿಗೆ ಜೂಮ್ ದೀಪ, ಆದರೆ ಸೆಲ್ಲಿನ ಖರ್ಚು ಬೇರೆ ಇಟ್ಟುಕೊಂಡು. ಓಡುವವರಿಗೆ ಇದು ಬೇಡ. ಹಿಂದಿನ ಪೆಟ್ಟಿಗೆ ಕುಣಿಯುತ್ತದೆ, ಅದನ್ನು ತಡೆಯಲು ಪಟ್ಟಿ ಬಿಗಿದರೆ ಹಣೆ ನೋಯುತ್ತದೆ. ಮನೆಗೆ ಒಂದೇ ಸಾಕು, ಕರೆಂಟು ಹೋದಾಗ, ಪ್ರಯಾಣಕ್ಕೆ, ಅಪರೂಪದ ಚಾರಣಕ್ಕೆ ಅನ್ನುವವರಿಗೆ ಪೆನ್ಸಿಲ್ ಸೆಲ್ಲಿನದೇ. ನಾನು ಮೂರರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಯಾವುದನ್ನೇ ಕೊಂಡರೂ ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಒಂದು ಸಂಜೆ ಪರೀಕ್ಷೆಗೆ ಇಡಿ. ತಲೆಗೆ ಕಟ್ಟಿಕೊಂಡು ಹತ್ತು ಸಲ ಜಿಗಿಯಿರಿ. ಬೆಳಕು ತಾನಾಗಿಯೇ ಕೆಳಕ್ಕೆ ವಾಲಿದರೆ ಕೀಲು ಸಡಿಲ, ಅದು ಮುಂದೆ ಇನ್ನೂ ಸಡಿಲವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಆಮೇಲೆ ಪೂರ್ತಿ ಚಾರ್ಜ್ ಮಾಡಿ ಜೋರು ಬೆಳಕಿನಲ್ಲಿ ಒಂದು ಗಂಟೆ, ಕಣ್ಣೆದುರಿಗೇ ಉರಿಸಿ. ಬೆಳಕು ನಿಧಾನಕ್ಕೆ ಇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಮೊಬೈಲಿನ ಲೈಟ್ ಮೀಟರ್ ಆ್ಯಪ್‌ನಲ್ಲಿ ಶುರುವಿಗೊಮ್ಮೆ ಕೊನೆಗೊಮ್ಮೆ ಒಂದೇ ದೂರದಿಂದ ಅಳೆಯಿರಿ. ದೀಪ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ವಾಪಸ್ ಕೊಟ್ಟುಬಿಡಿ.

ಚೀಲಕ್ಕೆ ಹಾಕುವ ಮುಂಚೆ ಮೂರು ಪೆನ್ಸಿಲ್ ಸೆಲ್ಲುಗಳನ್ನೂ ತೆಗೆದು ಬೇರೆ ಇಡಿ, ಇಲ್ಲವೇ ಒಂದರ ತುದಿಗೆ ಸಣ್ಣ ಕಾಗದದ ಚೂರು ಸಿಕ್ಕಿಸಿ. ಒಂದು ಚಾರಣದ ದಿನ ನನ್ನ ದೀಪ ನೀರಿನ ಬಾಟಲಿಗೆ ಒತ್ತಿಕೊಂಡು ಬೆಳಗಿನಿಂದ ಚೀಲದೊಳಗೇ ಉರಿದಿತ್ತು. ಸಂಜೆ ತೆಗೆದಾಗ ಒಳಗೆ ಮಿಣಿಮಿಣಿ ಕೆಂಡದ ಹಾಗೆ ಕಾಣುತ್ತಿತ್ತು. ಆವತ್ತು ಇಳಿದಿದ್ದು ಜೊತೆಯವರ ಬೆಳಕಿನಲ್ಲಿ.